ಸಾವಯವ ಕೃಷಿ: ಬಿಟ್ಟವರ ಲೆಕ್ಕವೂ ಅಚ್ಚಾಗಲಿ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ಕೃಷಿ ಪುಟವನ್ನು ತಪ್ಪದೆ ಓದುತ್ತ ಬಂದವನು ನಾನು. ಸಾವಯವ ಕೃಷಿಯ ಕುರಿತು ಅಲ್ಲಿ ಬರುವ ಬರಹಗಳು ಹೆಚ್ಚುಕಡಿಮೆ ಎರಡೇ ಬಗೆಯವು. ಒಂದು, ಗೆದ್ದ ರೈತನ ಕಥೆ: ನಗುಮೊಗದ ಭಾವಚಿತ್ರ, ತೂಗುವ ತೆನೆ, ಖರ್ಚಿಲ್ಲದ ಬೇಸಾಯ, ಕೈತುಂಬ ಆದಾಯ. ಇನ್ನೊಂದು, ಯಾವುದೋ ವಿಚಾರ ಸಂಕಿರಣದ ವರದಿ. ಅದರಲ್ಲಿ ಅಧಿಕಾರಿಗಳೋ ವಿಷಯತಜ್ಞರೋ ‘ರೈತರಲ್ಲಿ ತಿಳಿವಳಿಕೆಯ ಕೊರತೆ ಇದೆ, ಅರಿವು ಮೂಡಿಸುವ ಕೆಲಸ ಆಗಬೇಕು’ ಎಂದು ಕರೆ ಕೊಟ್ಟಿರುತ್ತಾರೆ. ಸಾವಯವಕ್ಕೆ ಇಳಿದು, ಎರಡು ಮೂರು ವರ್ಷ ಹೆಣಗಿ, ಕೊನೆಗೆ ಸದ್ದಿಲ್ಲದೆ ಯೂರಿಯಾ ಚೀಲಕ್ಕೆ ಮರಳಿದವನ ಮಾತು ಈ ಎರಡೂ ಬಗೆಯ ಬರಹಗಳಲ್ಲಿ ನನಗೆ ಒಮ್ಮೆಯೂ ಕಾಣಸಿಕ್ಕಿಲ್ಲ. ಈ ಪತ್ರ ಬರೆಯುತ್ತಿರುವುದು ಅವನ ಪರವಾಗಿ. ಕೊಂಚ ದೀರ್ಘವಾದರೆ ಮನ್ನಿಸಬೇಕು.

ಕೃಷಿ ವಿಸ್ತರಣೆಯ ಕೆಲಸದಲ್ಲಿದ್ದಾಗ ನಾನು ಪ್ರಶ್ನಾವಳಿಯ ಹಾಳೆಗಳನ್ನು ಹಿಡಿದು ರೈತರ ಮನೆಬಾಗಿಲಿಗೆ ಹೋಗುತ್ತಿದ್ದೆ. ಎರೆಗೊಬ್ಬರ ಗೊತ್ತೇ, ಹಸಿರೆಲೆ ಗೊಬ್ಬರ ಗೊತ್ತೇ, ಬೇವಿನ ಕಷಾಯ ಗೊತ್ತೇ, ಜೈವಿಕ ಗೊಬ್ಬರ ಗೊತ್ತೇ ಎಂದು ಒಂದೊಂದಾಗಿ ಕೇಳಿ, ‘ಹೌದು’ ಎಂದರೆ ಒಂದು ಅಂಕ, ‘ಇಲ್ಲ’ ಎಂದರೆ ಸೊನ್ನೆ ಹಾಕುವುದು ನಮ್ಮ ಪದ್ಧತಿ. ಅಂಕ ಕೂಡಿಸಿ ಇವನು ಹೆಚ್ಚು ತಿಳಿದವನು, ಇವನು ಮಧ್ಯಮ, ಇವನು ಕಡಿಮೆ ಎಂದು ಕೋಷ್ಟಕ ಮಾಡಿದರೆ ಅಧ್ಯಯನ ಮುಗಿದಂತೆ. ಹಾಗೆ ಒಂದು ಮನೆಯಲ್ಲಿ ‘ಜೈವಿಕ ಗೊಬ್ಬರ ಗೊತ್ತೇ’ ಎಂದು ಕೇಳಿದಾಗ ಯಜಮಾನರು ಮಾತಾಡದೆ ಒಳಗೆ ಹೋಗಿ, ತಗಡಿನ ಮಾಡಿನ ಕೆಳಗೆ ಸಿಕ್ಕಿಸಿಟ್ಟಿದ್ದ ಪೊಟ್ಟಣವೊಂದನ್ನು ತಂದು ನನ್ನ ಕೈಗಿಟ್ಟರು. ದ್ವಿದಳ ಬೆಳೆಯ ಬೀಜಕ್ಕೆ ಹಚ್ಚುವ ರೈಜೋಬಿಯಂ ಎಂಬ ಜೀವಾಣುವಿನ ಪುಡಿ ಅದು. ಪೊಟ್ಟಣ ಮುಟ್ಟಿದರೆ ಬಿಸಿ ತಾಗುತ್ತಿತ್ತು. ಒಳಗಿನ ಕಪ್ಪು ಪುಡಿ ಒಣಗಿ ಹೆಂಟೆಗಟ್ಟಿತ್ತು. ತಯಾರಾದ ದಿನಾಂಕ ಇರಬೇಕಾದ ಕಡೆ ಶಾಯಿ ಕದಡಿತ್ತು. ‘ಇದರಲ್ಲಿ ಜೀವ ಇದೆ ಅಂತ ಬರೆದಿದ್ದಾರೆ ಸಾರ್. ಇದೆಯೋ ಸತ್ತಿದೆಯೋ ನನಗೆ ಹೆಂಗೆ ಗೊತ್ತಾಗಬೇಕು?’ ಎಂದು ಅವರು ಕೇಳಿದರು. ನನ್ನ ಹಾಳೆಯಲ್ಲಿ ಅಂಥ ಪ್ರಶ್ನೆಗೆ ಜಾಗವಿರಲಿಲ್ಲ. ‘ಹೌದು’ ಎಂಬಲ್ಲಿ ಗುರುತು ಹಾಕಿ, ಒಂದು ಅಂಕ ಕೊಟ್ಟು ಎದ್ದು ಬಂದೆ.

ಅವರ ಪ್ರಶ್ನೆಗೆ ಉತ್ತರವಿರಲಿಲ್ಲ ಎಂದಲ್ಲ. ಬಿತ್ತಿದ ಐದಾರು ವಾರಕ್ಕೆ ನಾಲ್ಕಾರು ಗಿಡಗಳನ್ನು ಬೇರು ಹರಿಯದ ಹಾಗೆ ಮಣ್ಣುಸಮೇತ ಅಗೆದು, ನೀರಿನಲ್ಲಿ ಅದ್ದಿ ತೊಳೆದು, ಬೇರಿನ ಗಂಟೊಂದನ್ನು ಹೆಬ್ಬೆರಳ ಉಗುರಿನಿಂದ ಸೀಳಿ ನೋಡಬೇಕು. ಒಳಗೆ ನಸುಗೆಂಪು ಬಣ್ಣವಿದ್ದರೆ ಗಂಟು ಗಾಳಿಯ ಸಾರಜನಕವನ್ನು ಹಿಡಿಯುವ ಕೆಲಸದಲ್ಲಿ ತೊಡಗಿದೆ ಎಂದು ಅರ್ಥ. ಬಿಳಿಚಿಕೊಂಡಿದ್ದರೆ ಅಥವಾ ಹಸಿರುಗಟ್ಟಿದ್ದರೆ ಅದರಿಂದ ಉಪಯೋಗವಿಲ್ಲ. ಪುಡಿ ಹಚ್ಚಿದ ಸಾಲನ್ನೂ ಹಚ್ಚದ ಸಾಲನ್ನೂ ಪಕ್ಕಪಕ್ಕ ಬಿಟ್ಟು ಹೀಗೆ ಸೀಳಿ ನೋಡಿದರೆ ಪೊಟ್ಟಣದ ಯೋಗ್ಯತೆಯೂ ತಿಳಿಯುತ್ತದೆ, ಹೊಲದ ಮಣ್ಣಿನಲ್ಲಿ ಮೊದಲೇ ಆ ಜೀವಾಣು ಇತ್ತೋ ಎಂಬುದೂ ತಿಳಿಯುತ್ತದೆ. ಸೋಯಾ ಅವರೆಗೆ ಬೇಕಾದ ಜೀವಾಣು ಬೇರೆ, ಕಡಲೆಗೆ ಬೇಕಾದದ್ದು ಬೇರೆ. ಒಂದರ ಪುಡಿ ಇನ್ನೊಂದಕ್ಕೆ ಆಗಿಬರುವುದಿಲ್ಲ. ಇಷ್ಟನ್ನು ಕಲಿಸಲು ಪ್ರಯೋಗಾಲಯ ಬೇಡ, ಒಂದು ಗುದ್ದಲಿ ಮತ್ತು ಒಂದು ಬೆಳಗ್ಗೆ ಸಾಕು. ಆದರೂ ನಾನು ಹಂಚಿದ ಕರಪತ್ರಗಳಲ್ಲಿ ಈ ಮಾತು ಇರಲಿಲ್ಲ. ‘ಜೈವಿಕ ಗೊಬ್ಬರ ಬಳಸಿ, ಭೂಮಿತಾಯಿಯನ್ನು ಉಳಿಸಿ’ ಎಂಬ ಸಾಲು ಮಾತ್ರ ದಪ್ಪ ಅಕ್ಷರಗಳಲ್ಲಿತ್ತು.

ರೈತರಿಗೆ ತಿಳಿವಳಿಕೆ ಇಲ್ಲ ಎನ್ನುವ ಮಾತಿಗೆ ನನ್ನ ತಕರಾರು ಇರುವುದು ಇಲ್ಲಿಯೇ. ಹೆಸರುಗಳೆಲ್ಲ ಅವರಿಗೆ ಗೊತ್ತು. ಸಗಣಿ, ಸೊಪ್ಪು, ಬೂದಿ, ಹಿಂಡಿ, ಬೆಳೆ ಬದಲಾವಣೆ, ಅಕ್ಕಡಿ ಸಾಲುಗಳ ವಿಚಾರದಲ್ಲಿ ಅವರಿಗೆ ಪಾಠ ಹೇಳಹೊರಡುವುದು ಮೀನಿಗೆ ಈಜು ಕಲಿಸಿದಂತೆ. ಇಲ್ಲದಿರುವುದು ಪ್ರಮಾಣ ಮತ್ತು ಕಾಲದ ತಿಳಿವಳಿಕೆ: ಯಾವುದನ್ನು, ಎಷ್ಟು, ಯಾವಾಗ, ಯಾವ ಸ್ಥಿತಿಯಲ್ಲಿ ಹಾಕಿದರೆ ಏನಾಗುತ್ತದೆ ಎಂಬ ಲೆಕ್ಕ. ಈ ಲೆಕ್ಕವನ್ನು ಬೋಧಿಸುವವರಲ್ಲಿಯೂ ಅನೇಕರು ಮಾಡಿ ನೋಡಿಲ್ಲ ಎಂಬುದು ನನ್ನ ಅನುಭವ.

ಒಂದು ಉದಾಹರಣೆ ಕೊಡುತ್ತೇನೆ. ಹೆಕ್ಟೇರಿಗೆ 100 ಕಿಲೋ ಸಾರಜನಕ ಬೇಡುವ ಬೆಳೆಯೊಂದಿದೆ ಎಂದುಕೊಳ್ಳೋಣ. ಯೂರಿಯಾದಲ್ಲಿ ಶೇ 46ರಷ್ಟು ಸಾರಜನಕ ಇರುವುದರಿಂದ ಸುಮಾರು 217 ಕಿಲೋ ತಂದು ಚೆಲ್ಲಿದರೆ ಆಯಿತು. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರದಲ್ಲಿ ಇರುವ ಸಾರಜನಕ ಶೇ 0.5ರ ಆಸುಪಾಸು, ಅದೇ 100 ಕಿಲೋ ಬರಬೇಕಾದರೆ 20 ಟನ್ ಗೊಬ್ಬರ ಬೇಕು, ಅದೂ ಮೊದಲ ವರ್ಷವೇ ಪೂರ್ತಿಯಾಗಿ ಬೆಳೆಗೆ ದಕ್ಕುವುದಿಲ್ಲ. ಒಂದು ದನ ದಿನಕ್ಕೆ ಹಾಕುವ ಹಸಿ ಸಗಣಿ ಹತ್ತು ಹದಿನೈದು ಕಿಲೋ, ಅದರಲ್ಲಿ ಬಹುಪಾಲು ನೀರು. ಮೂತ್ರದಲ್ಲಿ ಹೋಗುವ ಸಾರಜನಕವನ್ನು ಹುಲ್ಲಿಗೋ ಮಣ್ಣಿಗೋ ಹೀರಿಸಿ ಹಿಡಿಯದಿದ್ದರೆ ಅದು ಕೊಟ್ಟಿಗೆಯಲ್ಲಿಯೇ ಹಾಳು. ತಿಪ್ಪೆಯನ್ನು ಬಯಲಲ್ಲಿ ಬಿಟ್ಟರೆ ಉಳಿದದ್ದರಲ್ಲಿ ಒಂದಿಷ್ಟನ್ನು ಬಿಸಿಲು ಅಮೋನಿಯಾ ಮಾಡಿ ಗಾಳಿಗೆ ಕಳಿಸುತ್ತದೆ, ಇನ್ನೊಂದಿಷ್ಟನ್ನು ಮಳೆ ತೊಳೆದೊಯ್ಯುತ್ತದೆ. ಎರಡು ದನ ಕಟ್ಟಿದವನಿಗೆ, ಒಂದೂ ಇಲ್ಲದವನಿಗೆ ‘ಕೊಟ್ಟಿಗೆ ಗೊಬ್ಬರ ಹಾಕಿ’ ಎಂದಷ್ಟೇ ಹೇಳಿ ಜಾರಿಕೊಳ್ಳುವುದು ಸಲಹೆಯೆನಿಸದು. ಸೆಣಬು ಅಥವಾ ಡಯಾಂಚದಂಥ ಹಸಿರೆಲೆ ಗೊಬ್ಬರದ ಗಿಡ ಬಿತ್ತಿ ಹೂ ಬರುವ ಹೊತ್ತಿಗೆ ಮಣ್ಣಿಗೆ ಸೇರಿಸುವುದು, ದ್ವಿದಳ ಬೆಳೆಯನ್ನು ಸರದಿಯಲ್ಲಿ ತರುವುದು, ಬದುವಿನ ಮೇಲೆ ಸೊಪ್ಪಿನ ಮರ ಬೆಳೆಸುವುದು, ತಿಪ್ಪೆಗೆ ನೆರಳು ಮಾಡುವುದು, ಇವೆಲ್ಲ ಸೇರಿದಾಗ ಮಾತ್ರ ಆ 20 ಟನ್ನಿನ ಕಂದಕ ತುಸು ತುಂಬುತ್ತದೆ. ಅದಕ್ಕೂ ತೇವ ಬೇಕು, ಒಂದು ಬೆಳೆಯ ಅವಧಿಯನ್ನು ಬಿಟ್ಟುಕೊಡಬೇಕು. ಹಸಿರೆಲೆ ಗೊಬ್ಬರಕ್ಕೆಂದು ಬಿತ್ತಿದ ಹೊಲದಿಂದ ಆ ಎರಡು ತಿಂಗಳಲ್ಲಿ ಮನೆಗೆ ಒಂದು ಹಿಡಿ ಕಾಳೂ ಬರುವುದಿಲ್ಲ ಎಂಬುದನ್ನು ಬೋಧಕರು ಸಾಮಾನ್ಯವಾಗಿ ಹೇಳುವುದಿಲ್ಲ.

ಇನ್ನೂ ಸೂಕ್ಷ್ಮವಾದ ಒಂದು ಸಂಗತಿಯಿದೆ. ಸಾವಯವಕ್ಕೆ ಹೊಸದಾಗಿ ಬಂದವರನ್ನು ಬೇರೆಲ್ಲಕ್ಕಿಂತ ಬೇಗ ಹಿಮ್ಮೆಟ್ಟಿಸುವುದು ಅದೇ ಎಂದು ನನ್ನ ಅನಿಸಿಕೆ. ಒಣ ಹುಲ್ಲನ್ನು ಸುಡಬೇಡಿ, ಮಣ್ಣಿಗೆ ಸೇರಿಸಿ ಎನ್ನುತ್ತೇವೆ. ರೈತ ನಂಬಿ ಹಾಗೆಯೇ ಮಾಡುತ್ತಾನೆ. ಒಣ ಹುಲ್ಲಿನಲ್ಲಿ ಒಂದು ಪಾಲು ಸಾರಜನಕಕ್ಕೆ 80 ಪಾಲಿನಷ್ಟು ಇಂಗಾಲವಿರುತ್ತದೆ. ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳಿಗೆ ಬೇಕಾದ ಆಹಾರದಲ್ಲಿ ಈ ಅನುಪಾತ 24ರ ಸುತ್ತಮುತ್ತ ಇರಬೇಕು. ಕೊರತೆ ಬಿದ್ದ ಸಾರಜನಕವನ್ನು ಅವು ಮಣ್ಣಿನಿಂದಲೇ ಎಳೆದುಕೊಳ್ಳುತ್ತವೆ. ಪರಿಣಾಮವಾಗಿ ಮೊಳೆತ ಪೈರು ಕೆಲವು ವಾರ ಹಳದಿಗಟ್ಟಿ, ಎದ್ದೇಳದೆ ಕೂತುಬಿಡುತ್ತದೆ. ಪಕ್ಕದ ಹೊಲದಲ್ಲಿ ಯೂರಿಯಾ ಕುಡಿದ ಪೈರು ಕಡುಹಸಿರಾಗಿ ಮೊಣಕಾಲೆತ್ತರ ನಿಂತಿರುವಾಗ ತನ್ನ ಹಳದಿ ಹೊಲದ ಬದುವಿನ ಮೇಲೆ ನಿಂತವನ ಮನಸ್ಸು ಏನಾಗಬೇಡ? ಆ ಹುಲ್ಲು ಕೊಳೆತ ಮೇಲೆ ಹಿಡಿದಿಟ್ಟ ಸಾರಜನಕ ಮತ್ತೆ ಬೆಳೆಗೆ ಸಿಗುತ್ತದೆ. ಬಿತ್ತನೆಗೆ ಸಾಕಷ್ಟು ಮೊದಲೇ ಸೇರಿಸಿದ್ದರೆ, ಇಲ್ಲವೇ ಹಸಿ ಸೊಪ್ಪನ್ನೋ ಸಗಣಿಯನ್ನೋ ಜೊತೆಗೆ ಹಾಕಿದ್ದರೆ, ಅಥವಾ ಹುಲ್ಲನ್ನು ಮಣ್ಣಿಗೆ ಬೆರೆಸದೆ ಮೇಲೆ ಹೊದಿಕೆಯಾಗಿ ಹಾಸಿದ್ದರೆ ಈ ಪಾಡು ಇಷ್ಟಾಗಿ ಬರುತ್ತಿರಲಿಲ್ಲ. ಇದನ್ನು ಯಾರೂ ಮೊದಲೇ ಹೇಳದ ಕಾರಣ ಅವನು ‘ಸಾವಯವ ನಮ್ಮ ಮಣ್ಣಿಗೆ ಒಗ್ಗುವುದಿಲ್ಲ’ ಎಂದು ತೀರ್ಮಾನಿಸುತ್ತಾನೆ. ಅವನು ಕಣ್ಣಾರೆ ಕಂಡದ್ದರ ಮೇಲೆ ಕಟ್ಟಿದ ತೀರ್ಮಾನ ಅದು. ಅದನ್ನು ಅಜ್ಞಾನವೆಂದು ಕರೆಯಲು ನನಗಂತೂ ಬಾಯಿ ಬಾರದು.

ಕೀಟ ಮತ್ತು ರೋಗದ ವಿಷಯದಲ್ಲಿಯೂ ಹೀಗೆಯೇ. ರಾಸಾಯನಿಕ ಕೀಟನಾಶಕಕ್ಕೆ ಇರುವ ಒಂದು ಅನುಕೂಲವೆಂದರೆ ಅದು ಬಳಸುವವನಿಂದ ಹೆಚ್ಚಿನ ತಿಳಿವಳಿಕೆಯನ್ನು ಬೇಡುವುದಿಲ್ಲ. ಅದರ ಬದಲಿಗೆ ಬಂದ ಸಾಧನಗಳು ಬೇಡುತ್ತವೆ. ಬಿ.ಟಿ. ಎಂಬ ಬ್ಯಾಕ್ಟೀರಿಯಾದ ಸಿಂಪಡಣೆ ಎಲೆ ತಿನ್ನುವ ಎಳೆ ಹುಳುವಿನ ಹೊಟ್ಟೆಗೆ ಹೋದರೆ ಮಾತ್ರ ಕೆಲಸ ಮಾಡುತ್ತದೆ. ಬಲಿತ ಹುಳು ಸುಲಭಕ್ಕೆ ಬಗ್ಗುವುದಿಲ್ಲ, ರಸ ಹೀರುವ ಕೀಟಕ್ಕಂತೂ ಅದು ಲೆಕ್ಕಕ್ಕೇ ಇಲ್ಲ. ಬೇವಿನ ಸಾರ ಬಿಸಿಲಿಗೆ ಬೇಗ ಸತ್ವ ಕಳೆದುಕೊಳ್ಳುವುದರಿಂದ ಸಂಜೆ ಹೊಡೆಯಬೇಕು. ಬೆಳೆಯ ರೋಗ ತಡೆಯಲು ಬಳಸುವ ಟ್ರೈಕೋಡರ್ಮಾ ಸ್ವತಃ ಒಂದು ಶಿಲೀಂಧ್ರ. ಅದನ್ನು ಶಿಲೀಂಧ್ರನಾಶಕದ ಜೊತೆ ಕಲಸಿದರೆ ಔಷಧಿಗೇ ವಿಷ ಹಾಕಿದಂತೆ. ಇವುಗಳಲ್ಲಿ ಒಂದು ತಪ್ಪಿದರೂ ಹೊಡೆದದ್ದು ನೀರಿಗೆ ಸಮ, ಆಮೇಲೆ ದೂರು ಬರುವುದು ಸಾವಯವದ ಮೇಲೆ. ಇದೇ ಸಂದರ್ಭದಲ್ಲಿ ಇನ್ನೊಂದು ಮಾತನ್ನೂ ಹೇಳಿಬಿಡಬೇಕು: ಸಾವಯವ ಎಂದರೆ ಯಾವ ವಿಷವನ್ನೂ ಸಿಂಪಡಿಸದ ಕೃಷಿ ಎಂದು ನಂಬಿದ ಓದುಗರಿದ್ದಾರೆ. ಆದರೆ ಮೈಲುತುತ್ತ ಮತ್ತು ಸುಣ್ಣ ಕಲಸಿದ ಬೋರ್ಡೋ ದ್ರಾವಣಕ್ಕೆ ಅನೇಕ ದೇಶಗಳ ಸಾವಯವ ನಿಯಮಗಳಲ್ಲಿ ಅವಕಾಶವಿದೆ. ಅದರಲ್ಲಿನ ತಾಮ್ರ ಮಣ್ಣಿನಲ್ಲಿ ಕೂಡುತ್ತ ಹೋಗಿ ಎರೆಹುಳುವಿಗೇ ಕುತ್ತಾಗಬಲ್ಲದು ಎಂಬ ಕಾರಣಕ್ಕೆ ಯುರೋಪಿನ ಒಕ್ಕೂಟ 7 ವರ್ಷಗಳಲ್ಲಿ ಹೆಕ್ಟೇರಿಗೆ 28 ಕಿಲೋ ಮೀರಬಾರದೆಂದು ಮಿತಿ ಹಾಕಿದೆ. ಸಾವಯವವನ್ನು ಮೆಚ್ಚುವವರು ಇದನ್ನು ಮುಚ್ಚಿಡುವ ಅಗತ್ಯವೇನೂ ಇಲ್ಲ.

ಇಂಥ ತಿಳಿವಳಿಕೆ ಒಂದು ದಿನದ ತರಬೇತಿಯಲ್ಲಿ, ಪರದೆಯ ಮೇಲೆ ಚಿತ್ರ ತೋರಿಸಿ ಊಟ ಹಾಕಿ ಕಳಿಸುವ ಕಾರ್ಯಕ್ರಮದಲ್ಲಿ ಬರುವಂಥದ್ದಲ್ಲ. ಅದು ಬರುವ ದಾರಿ ಯಾವುದೆಂಬುದಕ್ಕೆ ಇಂಡೊನೇಷ್ಯಾದ ಉದಾಹರಣೆ ಇದೆ. ಅಲ್ಲಿ ಕೀಟನಾಶಕ ಸುರಿದಷ್ಟೂ ಭತ್ತಕ್ಕೆ ಕಂದು ಜಿಗಿಹುಳುವಿನ ಕಾಟ ಹೆಚ್ಚಿತು, ಏಕೆಂದರೆ ಆ ಹುಳುವನ್ನು ತಿಂದು ಬದುಕುವ ಜೇಡಗಳೂ ಇತರ ಕೀಟಗಳೂ ಮೊದಲು ಸಾಯುತ್ತಿದ್ದವು. ಸರ್ಕಾರ 1986ರಲ್ಲಿ 57 ಬಗೆಯ ಕೀಟನಾಶಕಗಳನ್ನು ಭತ್ತಕ್ಕೆ ಬಳಸದಂತೆ ನಿಷೇಧಿಸಿತು. 1989ರಿಂದ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ನೆರವಿನಲ್ಲಿ ರೈತರ ಕ್ಷೇತ್ರ ಪಾಠಶಾಲೆಗಳು ಶುರುವಾದವು. ಇಪ್ಪತ್ತೈದರಷ್ಟು ರೈತರು ಬಿತ್ತನೆಯಿಂದ ಕೊಯ್ಲಿನವರೆಗೆ ವಾರಕ್ಕೊಮ್ಮೆ ಗದ್ದೆಗಿಳಿದು ಆಯ್ದ ಬುಡಗಳನ್ನು ನೋಡಿ ಎಣಿಸುತ್ತಿದ್ದರು. ಹುಳು ಎಷ್ಟು, ಜೇಡ ಎಷ್ಟು, ನೀರೆಷ್ಟಿದೆ, ತೆಂಡೆ ಎಷ್ಟು ಒಡೆದಿದೆ ಎಂದು ದೊಡ್ಡ ಹಾಳೆಯ ಮೇಲೆ ಬಣ್ಣದ ಕಡ್ಡಿಯಲ್ಲಿ ಚಿತ್ರ ಬರೆದು, ಈ ವಾರ ಏನು ಮಾಡಬೇಕೆಂದು ತಾವೇ ವಾದಿಸಿ ತೀರ್ಮಾನಿಸುತ್ತಿದ್ದರು. ಗಿಡವೊಂದಕ್ಕೆ ಬಲೆಯ ಪಂಜರ ಕಟ್ಟಿ, ಒಳಗೆ ಜಿಗಿಹುಳುವನ್ನೂ ಜೇಡವನ್ನೂ ಬಿಟ್ಟು, ಯಾರು ಯಾರನ್ನು ತಿನ್ನುತ್ತಾರೆಂದು ಕಾದು ನೋಡುತ್ತಿದ್ದರು. ಅದು ಸಂಪೂರ್ಣ ಸಾವಯವ ಕೃಷಿಯಾಗಿರಲಿಲ್ಲ ಎಂಬುದು ನಿಜ; ಆದರೆ ಸಾವಯವಕ್ಕೆ ಬೇಕಾದ ಕಣ್ಣು ತಯಾರಾಗುವುದು ಹೀಗೆ. ಸಾವಯವ ಚಿಂತನೆಗೆ ತಳಹದಿ ಹಾಕಿದವರಲ್ಲಿ ಒಬ್ಬರಾದ ಇಂಗ್ಲೆಂಡಿನ ಆಲ್ಬರ್ಟ್ ಹೋವರ್ಡ್ 1905ರಲ್ಲಿ ಬಿಹಾರದ ಪೂಸಾ ಸಂಶೋಧನಾ ಕೇಂದ್ರಕ್ಕೆ ಸಸ್ಯವಿಜ್ಞಾನಿಯಾಗಿ ಬಂದವರು. ಮುಂದೆ 1924ರಿಂದ 1931ರವರೆಗೆ ಇಂದೋರಿನಲ್ಲಿ ಕಾಂಪೋಸ್ಟ್ ವಿಧಾನವನ್ನು ರೂಪಿಸಿದರು. ರೈತರನ್ನೂ ಬೆಳೆಗೆ ಬೀಳುವ ಕೀಟಗಳನ್ನೂ ತನ್ನ ಗುರುಗಳೆಂದು ಅವರು ಕರೆದುಕೊಂಡದ್ದು ಪ್ರಸಿದ್ಧವಾಗಿದೆ. ಅವರು ಕಲಿಯಲು ಕುಳಿತ ಜಾಗದಲ್ಲಿ ನಾವು ಕಲಿಸಲು ನಿಂತಿದ್ದೇವೆ.

ಇನ್ನು ಅಡಚಣೆಗಳ ಮಾತು. ತಿಳಿದೂ ಮಾಡಲಾಗದವರ ಸಂಖ್ಯೆ ತಿಳಿಯದೆ ಮಾಡದವರಿಗಿಂತ ದೊಡ್ಡದು ಎಂದು ನನ್ನ ಅಂದಾಜು. ಪ್ರಶ್ನಾವಳಿ ಬದಿಗಿಟ್ಟು ಹರಟೆಗೆ ಕೂತಾಗ ಕೇಳಿದ ಮಾತುಗಳಿಂದ ಹುಟ್ಟಿದ ಅಂದಾಜು ಇದು. ಮೊದಲನೆಯ ಅಡಚಣೆ ಪರಿವರ್ತನೆಯ ಅವಧಿ. ರಾಸಾಯನಿಕ ನಿಲ್ಲಿಸಿದ ದಿನವೇ ಬೆಳೆ ಸಾವಯವವೆನಿಸುವುದಿಲ್ಲ. ಯುರೋಪಿನ ನಿಯಮದ ಪ್ರಕಾರ ವಾರ್ಷಿಕ ಬೆಳೆಗೆ ಬಿತ್ತನೆಗೆ ಮುಂಚಿನ 2 ವರ್ಷ, ಬಹುವಾರ್ಷಿಕ ಬೆಳೆಗೆ 3 ವರ್ಷ ಕಾಯಬೇಕು. ಅಮೆರಿಕದಲ್ಲಿ ನಿಷಿದ್ಧ ವಸ್ತು ಹಾಕಿ 36 ತಿಂಗಳು ಕಳೆದಿರಬೇಕು. ಮಣ್ಣಿನ ಜೀವ ಇನ್ನೂ ಚೇತರಿಸಿಕೊಳ್ಳದ, ಕಳೆ ಮೈದುಂಬಿದ, ಕೈ ಇನ್ನೂ ಪಳಗದ ಕಾಲ ಅದು. ಇಳುವರಿ ಇಳಿಯುವುದು ಆಗಲೇ, ಸಾವಯವದ ಬೆಲೆ ಸಿಗದಿರುವುದೂ ಆಗಲೇ. ಎರಡು ನಷ್ಟಗಳೂ ಒಟ್ಟಿಗೆ ಬಂದು ಕೂರುವ ಈ ವರ್ಷಗಳನ್ನು ಉಳಿತಾಯವಿದ್ದವನು ದಾಟುತ್ತಾನೆ, ಬೇರೆ ಸಂಬಳವಿದ್ದವನು ದಾಟುತ್ತಾನೆ. ಹೊಲವೊಂದನ್ನೇ ನಂಬಿದವನು ಸಾಲ ತೀರಿಸುವ ತಾರೀಖು ನೆನೆದು ಹಿಂದೆ ಸರಿಯುತ್ತಾನೆ. ನಿಮ್ಮ ಪುಟದಲ್ಲಿ ಕಾಣುವ ಯಶಸ್ವಿ ರೈತರಲ್ಲಿ ಎಷ್ಟು ಮಂದಿಗೆ ಬೇರೆ ಆದಾಯವಿತ್ತು ಎಂಬುದನ್ನು ಒಮ್ಮೆ ಲೆಕ್ಕ ಹಾಕಿ ನೋಡಬೇಕೆಂದು ನನಗೆ ಆಗಾಗ ಅನಿಸಿದೆ.

ಅದಕ್ಕಿಂತಲೂ ಆಳವಾದ ತೊಡಕು ಭೂಮಿ ಯಾರದು ಎಂಬುದರಲ್ಲಿದೆ. ಸಾವಯವ ಕೃಷಿಯೆಂದರೆ ಮಣ್ಣಿನಲ್ಲಿ ಹೂಡುವ ಬಂಡವಾಳ. ಇಂದು ಹಾಕಿದ ಗೊಬ್ಬರದ ಫಲ ನಾಲ್ಕಾರು ವರ್ಷ ಹಂಚಿಕೊಂಡು ಬರುತ್ತದೆ. ವರ್ಷವರ್ಷವೂ ಬಾಯಿಮಾತಿನ ಗುತ್ತಿಗೆಯಲ್ಲಿ ಉಳುವವನು ಮುಂದಿನ ಹಂಗಾಮಿಗೆ ಅದೇ ಹೊಲದಲ್ಲಿ ಇರುತ್ತಾನೆಂಬ ಖಾತ್ರಿ ಇಲ್ಲ. ಮಣ್ಣು ಹದವಾಯಿತೆಂದು ಕಂಡರೆ ಒಡೆಯ ಗುತ್ತಿಗೆ ಹೆಚ್ಚಿಸಬಹುದು, ಇಲ್ಲವೇ ಹೊಲವನ್ನೇ ಹಿಂದಕ್ಕೆ ಪಡೆಯಬಹುದು. ಬದುವಿನ ಮೇಲೆ ಮರ ನೆಡಲು ಅವನಿಗೆ ಅಧಿಕಾರವಿಲ್ಲ. ಕಾಗದವಿಲ್ಲದ ಭೂಮಿಗೆ ಸಾವಯವವೆಂಬ ದೃಢೀಕರಣವೂ ಸುಲಭವಾಗಿ ಆಗುವುದಿಲ್ಲ. ಇಂಥವನು ಆರು ತಿಂಗಳಲ್ಲಿ ಕೈಗೆ ಬರುವುದನ್ನಷ್ಟೇ ಹಾಕುತ್ತಾನೆ, ಅದು ಅವನ ಜಾಣತನ. ಇವನಿಗೆ ಮಣ್ಣಿನ ಆರೋಗ್ಯದ ಬಗ್ಗೆ ಉಪನ್ಯಾಸ ಕೊಟ್ಟವರಲ್ಲಿ ನಾನೂ ಒಬ್ಬ. ನೆನೆದರೆ ಈಗ ಮುಜುಗರವಾಗುತ್ತದೆ.

ದುಡಿಮೆಯ ಪ್ರಶ್ನೆಯನ್ನು ನಾವು ‘ಕೂಲಿಯಾಳುಗಳ ಅಭಾವ’ ಎಂಬ ಎರಡು ಪದಗಳಲ್ಲಿ ಮುಗಿಸುತ್ತೇವೆ. ಕಳೆನಾಶಕ ಬಿಟ್ಟರೆ ಆ ಕಳೆ ಯಾರದೋ ಕೈಯಿಂದ ಕೀಳಲ್ಪಡಬೇಕು, ಮತ್ತು ಹಲವು ಕಡೆ ಆ ಕೈ ಹೆಂಗಸರದು. ಸಾವಯವಕ್ಕೆ ಹೋಗುವ ತೀರ್ಮಾನವನ್ನು ಮನೆಯ ಗಂಡಸು ತರಬೇತಿಯಿಂದ ಬಂದು ಹೇಳುತ್ತಾನೆ; ಬಗ್ಗಿದ ಬೆನ್ನಿನಲ್ಲಿ ಹೆಚ್ಚುವರಿ ಇಪ್ಪತ್ತು ದಿನ ಕಳೆಯುವವಳನ್ನು ಯಾರೂ ತರಬೇತಿಗೆ ಕರೆದಿರುವುದಿಲ್ಲ. ಸಾಲಿನ ನಡುವೆ ಎಳೆಯುವ ಹಗುರವಾದ ಕಳೆ ಕೀಳುವ ಯಂತ್ರ ಅವಳ ಕೈಗೆ ಸಿಗುವುದು ಹತ್ತು ಕರಪತ್ರಕ್ಕಿಂತ ಮಿಗಿಲಾದ ಸಾವಯವ ಪ್ರಚಾರ.

ಪಕ್ಕದ ಹೊಲದಿಂದ ಗಾಳಿಯಲ್ಲಿ ತೇಲಿಬರುವ ಸಿಂಪಡಣೆ, ಮೇಲಿನ ಗದ್ದೆಯಿಂದ ಇಳಿದುಬರುವ ನೀರು, ಇವುಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ತನ್ನದೇ ಹೊಲದ ಅಂಚನ್ನು ಬಿಟ್ಟು ತಡೆವಲಯ ಮಾಡಿಕೊಳ್ಳಬೇಕಾದವನು ಸಾವಯವ ರೈತನೇ. ತುಂಡು ಭೂಮಿಯಲ್ಲಿ ಅಂಚು ಬಿಟ್ಟರೆ ಉಳಿಯುವುದೆಷ್ಟು ಎಂದು ಯಾರೂ ಕೇಳುವುದಿಲ್ಲ. ಸಿಂಪಡಿಸಿದವನ ಮೇಲೆ ಯಾವ ಕಾಗದದ ಹೊರೆಯೂ ಇಲ್ಲ, ಸಿಂಪಡಿಸದವನು ಮಾತ್ರ ದಿನಚರಿ ಬರೆದಿಡಬೇಕು, ಬೀಜದ ರಸೀದಿಯಿಂದ ಗೋದಾಮಿನ ಚೀಟಿಯವರೆಗೆ ಜೋಪಾನ ಮಾಡಬೇಕು, ತಪಾಸಣೆಗೆ ಹಣ ಕಟ್ಟಬೇಕು. ಈ ವೆಚ್ಚ ಒಬ್ಬ ಸಣ್ಣ ರೈತನಿಗೆ ಹೊರಲಾಗದ್ದೆಂದು, ಹಲವರು ಸೇರಿ ಒಂದೇ ಪ್ರಮಾಣಪತ್ರ ಪಡೆಯುವ ಗುಂಪು ದೃಢೀಕರಣ ಬಂತು. ಅದರಲ್ಲಿಯೂ ಒಂದು ಉಪಾಯ ಅಡಗಿದೆ: ಕೆಲವೆಡೆ ವೆಚ್ಚ ಭರಿಸಿದ ಖರೀದಿ ಕಂಪನಿಯ ಹೆಸರಿನಲ್ಲಿಯೇ ಪ್ರಮಾಣಪತ್ರವಿರುತ್ತದೆ, ಹಾಗಾಗಿ ರೈತ ತನ್ನ ಬೆಳೆಯನ್ನು ಬೇರೆಯವರಿಗೆ ಸಾವಯವವೆಂದು ಮಾರುವಂತಿಲ್ಲ. ದುಡಿಮೆ ಅವನದು, ಮಣ್ಣು ಅವನದು, ಸಾವಯವವೆಂಬ ಹೆಸರು ಮಾತ್ರ ಬೇರೆಯವರದು. 2022ರಿಂದ ಜಾರಿಯಲ್ಲಿರುವ ಯುರೋಪಿನ ಹೊಸ ನಿಯಮ ಗುಂಪು ರೈತರದೇ ಕಾನೂನುಬದ್ಧ ಸಂಘಟನೆಯಾಗಿರಬೇಕು, ಸದಸ್ಯರು 2,000 ಮೀರಬಾರದು ಎಂದು ಹೇಳುತ್ತದೆ. ಕಂಪನಿಗಳ ಹಿಡಿತ ಸಡಿಲಬಹುದು, ಆದರೆ ಹೊಸ ಸಂಘ ಕಟ್ಟುವ ಹೊರೆ ಮತ್ತೆ ರೈತರ ಹೆಗಲಿಗೇ. ಬ್ರೆಜಿಲ್ ಇನ್ನೊಂದು ದಾರಿ ಹಿಡಿಯಿತು. ಅಲ್ಲಿನ ದಕ್ಷಿಣ ಭಾಗದ ಎಕೋವಿಡಾ ಜಾಲದಲ್ಲಿ ರೈತರು, ಕೊಳ್ಳುವವರು ಸೇರಿ ಒಬ್ಬರ ಹೊಲವನ್ನು ಇನ್ನೊಬ್ಬರು ನೋಡಿ ಭರವಸೆ ಕೊಡುವ ಪದ್ಧತಿ ಬೆಳೆಯಿತು, ದೇಶದ ಕಾನೂನೂ ಅದಕ್ಕೆ ಮನ್ನಣೆ ಕೊಟ್ಟಿತು. ಅಂಥ ಭೇಟಿ ತಪಾಸಣೆಯೂ ಹೌದು, ಪಾಠವೂ ಹೌದು. ಪಕ್ಕದವನ ತಿಪ್ಪೆ ಹೇಗೆ ಕಾಯಿತು ಎಂದು ಕಬ್ಬಿಣದ ಸರಳು ಚುಚ್ಚಿ, ಹೊರಗೆಳೆದು, ಮುಟ್ಟಿ ನೋಡುವ ಅವಕಾಶ ಬೇರೆಲ್ಲಿ ಸಿಗುತ್ತದೆ? ಹೊರದೇಶದ ಮಾರುಕಟ್ಟೆಗೆ ಮಾತ್ರ ಈ ಭರವಸೆ ಸಾಮಾನ್ಯವಾಗಿ ನಡೆಯುವುದಿಲ್ಲ.

ಸಾಧನಗಳ ಅಲಭ್ಯತೆ ತಿಳಿವಳಿಕೆಯನ್ನು ಹೇಗೆ ವ್ಯರ್ಥ ಮಾಡುತ್ತದೆ ಎಂಬುದಕ್ಕೆ ಕೀನ್ಯಾದ ಒಂದು ನಿದರ್ಶನ ನನಗೆ ಬಹಳ ಪಾಠ ಕಲಿಸಿತು. ಮೆಕ್ಕೆಜೋಳದ ಸಾಲುಗಳ ನಡುವೆ ಡೆಸ್ಮೋಡಿಯಂ ಎಂಬ ದ್ವಿದಳ ಮೇವನ್ನೂ ಹೊಲದ ಸುತ್ತ ನೇಪಿಯರ್ ಹುಲ್ಲನ್ನೂ ಬೆಳೆದರೆ, ಮೊದಲನೆಯದು ಕಾಂಡಕೊರಕದ ಚಿಟ್ಟೆಯನ್ನು ವಾಸನೆಯಿಂದ ಓಡಿಸಿ, ಎರಡನೆಯದು ತನ್ನತ್ತ ಸೆಳೆಯುತ್ತದೆ. ಬೇರಿಗೆ ಅಂಟಿ ಬೆಳೆಯನ್ನು ಕೊಲ್ಲುವ ಸ್ಟ್ರೈಗಾ ಕಳೆಯೂ ಅಡಗುತ್ತದೆ, ದನಕ್ಕೆ ಮೇವೂ ಆಗುತ್ತದೆ. ಅಲ್ಲಿನ ಅಂತರರಾಷ್ಟ್ರೀಯ ಕೀಟ ಸಂಶೋಧನಾ ಕೇಂದ್ರದವರು ಕಂಡುಕೊಂಡ ಈ ವಿಧಾನವನ್ನು ರೈತರು ಮೆಚ್ಚಿ ಕಲಿತರು. ಹರಡಲು ಅಡ್ಡವಾದ ಕಾರಣಗಳಲ್ಲಿ ಒಂದು, ಡೆಸ್ಮೋಡಿಯಂ ಬೀಜವೇ ಸಾಕಷ್ಟು ಸಿಗದಿದ್ದದ್ದು.

ಇಳುವರಿಯ ವಿಷಯದಲ್ಲಿ ಪ್ರಾಮಾಣಿಕವಾಗಿ ಮಾತಾಡುವವರು ಕಡಿಮೆ. ‘ಇಳುವರಿ ಸ್ವಲ್ಪವೂ ಇಳಿಯದು’ ಎನ್ನುವ ಪ್ರಚಾರಕರೂ ‘ಜಗತ್ತು ಹಸಿವಿನಿಂದ ಸಾಯುತ್ತದೆ’ ಎನ್ನುವ ವಿರೋಧಿಗಳೂ ಅಂಕಿಗಳನ್ನು ನೋಡಿದರೆ ಒಳ್ಳೆಯದು. 2012ರಲ್ಲಿ ‘ನೇಚರ್’ ನಿಯತಕಾಲಿಕದಲ್ಲಿ ಪ್ರಕಟವಾದ ಹೋಲಿಕೆಯೊಂದರ ಪ್ರಕಾರ ಸಾವಯವ ಇಳುವರಿ ಬೆಳೆ ಮತ್ತು ಪರಿಸ್ಥಿತಿಗೆ ತಕ್ಕಂತೆ ಶೇ 5ರಿಂದ ಶೇ 34ರವರೆಗೆ ಕಡಿಮೆ. ಸ್ವಿಟ್ಜರ್ಲೆಂಡಿನ ಥೆರ್ವಿಲ್‌ನಲ್ಲಿ ಸಾವಯವ ಮತ್ತು ರಾಸಾಯನಿಕ ಬೇಸಾಯವನ್ನು ಹೋಲಿಸಿ 1978ರಿಂದ ನಡೆದಿರುವ ಪ್ರಯೋಗದ ಮೊದಲ 21 ವರ್ಷಗಳ ಫಲಿತಾಂಶದಲ್ಲಿ ಸಾವಯವದ ಇಳುವರಿ ಶೇ 20ರಷ್ಟು ಕಡಿಮೆಯಿತ್ತು, ಅದೇ ವೇಳೆ ಗೊಬ್ಬರದ ರೂಪದಲ್ಲಿ ಹೊರಗಿನಿಂದ ಹಾಕಿದ ಪೋಷಕಾಂಶ ಶೇ 34ರಿಂದ 53ರಷ್ಟು ಕಡಿಮೆಯಾಗಿತ್ತು. ಈ ಎರಡೂ ಸಂಖ್ಯೆಗಳನ್ನು ಒಟ್ಟಿಗೆ ರೈತನ ಮುಂದಿಟ್ಟರೆ ತನ್ನ ಲೆಕ್ಕವನ್ನು ಅವನೇ ಹಾಕಿಕೊಳ್ಳುತ್ತಾನೆ. ಒಂದನ್ನು ಬಚ್ಚಿಟ್ಟರೆ ಮೊದಲ ಕೊಯ್ಲಿಗೇ ಅವನು ನಮ್ಮ ಮೇಲಿನ ನಂಬಿಕೆ ಕಳೆದುಕೊಳ್ಳುತ್ತಾನೆ.

ಆತುರದಿಂದ ಆಗುವ ಅನಾಹುತವನ್ನು ಶ್ರೀಲಂಕಾ ತೋರಿಸಿಕೊಟ್ಟಿತು. 2021ರ ಏಪ್ರಿಲ್–ಮೇ ತಿಂಗಳಲ್ಲಿ ರಾಸಾಯನಿಕ ಗೊಬ್ಬರ ಮತ್ತು ಕೀಟನಾಶಕಗಳ ಆಮದನ್ನು ಏಕಾಏಕಿ ನಿಲ್ಲಿಸಿದ ಸರ್ಕಾರ, ಬದಲಿ ಗೊಬ್ಬರ ಎಲ್ಲಿಂದ ಬರಬೇಕೆಂಬ ಲೆಕ್ಕವನ್ನು ಮಾಡಿರಲಿಲ್ಲ. ಅದೇ ನವೆಂಬರಿನಲ್ಲಿ ಆದೇಶವನ್ನು ಹಿಂತೆಗೆಯಿತು, ಅಷ್ಟರೊಳಗೆ ಭತ್ತದ ಬೆಳೆ ಕುಸಿದಿತ್ತು. ಅಲ್ಲಿ ಸೋತದ್ದು ಸಾವಯವ ಕೃಷಿ ಎಂದು ಬರೆದವರಿದ್ದಾರೆ. ಸೋತದ್ದು 20 ಟನ್ನಿನ ಲೆಕ್ಕ ಗೊತ್ತಿಲ್ಲದ ಆಡಳಿತ ಎಂದು ನಾನು ಹೇಳುತ್ತೇನೆ. ಸಿಕ್ಕಿಂ 2003ರಲ್ಲಿ ನಿರ್ಧಾರ ಮಾಡಿ, ಹಂತ ಹಂತವಾಗಿ ನಡೆದು, ಸಾವಯವ ರಾಜ್ಯವೆಂದು ಘೋಷಣೆಯಾದದ್ದು 2016ರಲ್ಲಿ. ಅದೂ ರಾಸಾಯನಿಕ ಬಳಕೆ ಮೊದಲೇ ತೀರ ಕಡಿಮೆಯಿದ್ದ ಗುಡ್ಡಗಾಡಿನಲ್ಲಿ. ಡೆನ್ಮಾರ್ಕ್ 1987ರಲ್ಲಿಯೇ ಪ್ರತ್ಯೇಕ ಕಾನೂನು ಮಾಡಿ ಪರಿವರ್ತನೆಯ ಅವಧಿಗೆ ಸಹಾಯಧನ ಕೊಟ್ಟಿತು, ತಪಾಸಣೆಯನ್ನು ಸರ್ಕಾರವೇ ವಹಿಸಿಕೊಂಡಿತು.

ಇಷ್ಟೆಲ್ಲ ಬರೆದದ್ದು ನಿಮ್ಮ ಪತ್ರಿಕೆಯಿಂದ ಒಂದು ಉಪಕಾರವನ್ನು ಕೇಳುವುದಕ್ಕೆ. ಗೆದ್ದವರ ಕಥೆಗಳನ್ನು ಖಂಡಿತ ಪ್ರಕಟಿಸಿ. ಜೊತೆಗೆ ಅವರ ಭೂಮಿ ಎಷ್ಟು, ಸ್ವಂತದ್ದೋ ಗುತ್ತಿಗೆಯದೋ, ನೀರಿದೆಯೇ, ದನಗಳೆಷ್ಟು, ಮನೆಗೆ ಬೇರೆ ಆದಾಯವಿತ್ತೇ, ಮೊದಲ ಮೂರು ವರ್ಷದ ಇಳುವರಿ ಏನಾಯಿತು, ಕಳೆ ಕಿತ್ತವರು ಯಾರು, ಬೆಳೆಯನ್ನು ಯಾರು ಯಾವ ಹೆಸರಿನಲ್ಲಿ ಕೊಂಡರು ಎಂಬ ವಿವರಗಳನ್ನು ಭಾವಚಿತ್ರದ ಪಕ್ಕದಲ್ಲಿ ನಾಲ್ಕು ಸಾಲು ಹಾಕಿ. ಓದುವ ರೈತ ಆ ನಾಲ್ಕು ಸಾಲು ನೋಡಿ ತನಗಿದು ಆಗುತ್ತದೋ ಇಲ್ಲವೋ ಎಂದು ತೂಗಿ ನೋಡಬಲ್ಲ. ತಿಂಗಳಿಗೊಮ್ಮೆಯಾದರೂ ಸಾವಯವವನ್ನು ಬಿಟ್ಟವರೊಬ್ಬರನ್ನು, ಅವರಿಗೆ ಇಷ್ಟವಿದ್ದರೆ ಹೆಸರು ಮರೆಸಿ, ಮಾತಾಡಿಸಿ: ಯಾವ ತಿಂಗಳಲ್ಲಿ ಬಿಟ್ಟರು, ಆ ದಿನ ಹೊಲ ಹೇಗಿತ್ತು, ಯಾವುದೊಂದು ಸಿಕ್ಕಿದ್ದರೆ ಬಿಡುತ್ತಿರಲಿಲ್ಲ. ಅಂಥವರನ್ನು ಎಲ್ಲಿ ಹುಡುಕುವುದೆಂದು ನಿಮ್ಮ ವರದಿಗಾರರು ಚಿಂತಿಸಬೇಕಾಗಿಲ್ಲ. ಗೆದ್ದ ರೈತನ ಚಿತ್ರ ತೆಗೆದುಕೊಂಡು ಹಿಂತಿರುಗುವಾಗ ಪಕ್ಕದ ಹೊಲದಲ್ಲಿ ಇದ್ದವರನ್ನು ಕೇಳಿದರೆ ಸಾಕು.

ಇತಿ ನಿಮ್ಮ ವಿಶ್ವಾಸಿ,
ನಿವೃತ್ತ ಕೃಷಿ ವಿಸ್ತರಣಾ ಕಾರ್ಯಕರ್ತ